ಮಂಗನಿಗೆ ನೀತಿ ಸಂಹಿತೆ ಇಲ್ಲ

ಚುನಾವಣೆ ಘೋಷಣೆಯಾದ ವಾರದಲ್ಲೇ ನಮ್ಮ ಕಡೆ ಕೋವಿಗಳು ಊರು ಬಿಟ್ಟು ಠಾಣೆಗೆ ಹೊರಡುತ್ತವೆ. ಅಭ್ಯರ್ಥಿಗಳ ಮೆರವಣಿಗೆ ಆಮೇಲೆ. ಹಳೇ ಲುಂಗಿಯಲ್ಲಿ ಸುತ್ತಿದ ಒಂಟಿ ನಳಿಗೆ, ಬೈಕಿನ ಹಿಂದೆ ಕೂತವನ ತೊಡೆ ಮೇಲೆ. ಠಾಣೆಯಲ್ಲಿ ನಳಿಗೆಗೆ ದಾರ ಕಟ್ಟಿ, ರಟ್ಟಿನ ಚೀಟಿ ನೇತುಹಾಕಿ, ರಸೀದಿ ಕೊಡುತ್ತಾರೆ. ಚುನಾವಣೆ ಮುಗಿಯುವವರೆಗೆ ಕೋವಿ ಅಲ್ಲೇ.

ಯಾಕಪ್ಪಾ ಅಂದ್ರೆ, ಶಾಂತಿಯುತ ಮತದಾನಕ್ಕೆ. ಮಂಡಿನೋವಿನ ಅಡಿಕೆ ಬೆಳೆಗಾರ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿ ಹಿಡಿದು ಮತಗಟ್ಟೆಗೆ ನುಗ್ಗಿಬಿಟ್ಟರೆ? ಮದ್ದಿನ ಮಸಿ ತುಂಬಿ, ಗಜದ ಕೋಲು ಹಾಕಿ ಜಡಿದು, ಕೇಪು ಇಟ್ಟು ಒಂದು ಈಡು ಹೊಡೆಯುವಷ್ಟರಲ್ಲಿ ಮತಯಂತ್ರ ಶಿವಮೊಗ್ಗ ತಲುಪಿರುತ್ತದೆ, ಅದು ಬೇರೆ ಮಾತು.

ಪರವಾನಗಿಯ ಹೆಸರು ಬೆಳೆ ರಕ್ಷಣೆ. ಪಹಣಿ ಕೊಟ್ಟು, ಪೊಲೀಸ್ ವರದಿ ಹೋಗಿ, ಜಿಲ್ಲಾಧಿಕಾರಿ ಕಚೇರಿ ಸುತ್ತಿ ಪಡೆದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆ ಕೈಗೆ ಕೋವಿ ಕೊಡುತ್ತದೆ. 1972ರ ವನ್ಯಜೀವಿ ಕಾಯ್ದೆ ಆ ಕೈ ಹಿಡಿದುಕೊಳ್ಳುತ್ತದೆ. ಆನೆ, ಕಾಟಿ (ಕಾಡುಕೋಣ), ನವಿಲು, ಮಂಗ, ಬೆಳೆ ತಿನ್ನುವವರೆಲ್ಲ ಕಾನೂನಿನ ನೆರಳಲ್ಲಿದ್ದಾರೆ. ಗುಂಡು ಹಾರಿಸಿ ಹೆದರಿಸಲು ನಮಗೆ ಉಳಿದಿರುವುದು ಆಕಾಶ ಒಂದೇ. ಅದಕ್ಕೂ ಹುಷಾರಾಗಿರಬೇಕು. 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು. ಮಂಗ ಓಡಿಸುವಾಗ ಮುಖ ಗಂಟಿಕ್ಕಿಕೊಂಡಿರುವುದು ಕ್ಷೇಮ.

2024ರ ಲೋಕಸಭೆ ಚುನಾವಣೆ ನೋಡಿ. ನೀತಿ ಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ನಮ್ಮ ಶಿವಮೊಗ್ಗ ಕ್ಷೇತ್ರ ಮೇ 7ಕ್ಕೇ ಓಟು ಹಾಕಿ ಬೆರಳ ಶಾಯಿ ತೊಳೆದುಕೊಂಡಿತು. ಆದರೆ ವಾರಾಣಸಿಯವರು ಓಟು ಹಾಕಿದ್ದು ಜೂನ್ 1ಕ್ಕೆ, ಎಣಿಕೆ 4ಕ್ಕೆ. ಸಂಹಿತೆ ಅಲ್ಲಿಯವರೆಗೂ ಜಾರಿಯಲ್ಲಿತ್ತು. ಗಂಗಾ ತೀರದ ಮತದಾನಕ್ಕೂ ಆಗುಂಬೆಯ ಕೇಪಿನ ಕೋವಿಗೂ ಏನು ನಂಟು ಅಂತ ಕೇಳಬೇಡಿ. ಅಷ್ಟರಲ್ಲಿ ಮಂಗಗಳು ಎಳೆ ಅಡಿಕೆ ಚೀಪಿ ಉಗುಳಿ, ಹಲಸು ಬಗೆದು, ಬಾಳೆಗೊನೆಗೆ ಕೈಹಾಕಿ, ಮಳೆಗಾಲಕ್ಕೆ ಮುಂಚೆಯೇ ನಮ್ಮ ಲೆಕ್ಕ ಚುಕ್ತಾ ಮಾಡಿದ್ದವು.

ಯಾರ ಕೋವಿ ಇಟ್ಟುಕೊಳ್ಳಬೇಕು, ಯಾರದ್ದು ಬೇಡ ಅಂತ ನೋಡಲು ಜಿಲ್ಲೆಗೊಂದು ಸ್ಕ್ರೀನಿಂಗ್ ಸಮಿತಿ ಇರುತ್ತದೆ. ಒಂದೊಂದೇ ಪರವಾನಗಿ ತೆಗೆದು ನೋಡುವಷ್ಟು ಪುರುಸೊತ್ತು ಯಾರಿಗಿದೆ ಹೇಳಿ? ಸುಮ್ನೆ ಎಲ್ಲರದ್ದೂ ತನ್ನಿ ಅಂದರೆ ಮುಗೀತಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದು ಮಂಗ ಓಡಿಸಿದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಗ ನಕ್ಕಿದ್ದೆವು. ಈಗ ನೋಡಿದರೆ ಅದೇ ಸರಿಯಾದ ಆಯುಧ. ಪರವಾನಗಿ ಬೇಡ, ನವೀಕರಣ ಬೇಡ, ಠಾಣೆಗೆ ಒಪ್ಪಿಸುವ ರಗಳೆ ಇಲ್ಲ. ಮುಂದಿನ ಚುನಾವಣೆಗೆ ಇರಲಿ ಅಂತ ಕಪ್ಪು ಬಣ್ಣ ತಂದಿಟ್ಟಿದ್ದೇನೆ. ನಾಯಿ ಮಾತ್ರ ಇನ್ನೂ ಒಪ್ಪಿಲ್ಲ.