ಪೀಪಾಯಿ ಹೊತ್ತ ಆ ಹೆಂಗಸು ಯಾರು? ಒಂದು ಸ್ಪಷ್ಟನೆ

ವಾಟ್ಸಾಪ್‌ನಲ್ಲಿ ಒಂದು ಹಳೇ ಫೋಟೊ ಓಡಾಡುತ್ತಿದೆ. ಮಿಲಿಟರಿ ಜಾಕೆಟ್, ಗಿಡ್ಡ ಲಂಗದ ಕೆಳಗೆ ಪ್ಯಾಂಟು, ಪಕ್ಕದಲ್ಲಿ ನೇತಾಡುವ ಪುಟ್ಟ ಮರದ ಪೀಪಾಯಿ. 'ಫ್ರೆಂಚ್ ಸೈನಿಕರ ಮೋಜಿಗೆ ಸರ್ಕಾರವೇ ಇಟ್ಟಿದ್ದ ಹೆಂಗಸರು' ಅಂತ ಕೆಳಗೆ ಬರೆದಿದ್ದಾರೆ. ಇದು ಸುಳ್ಳು.

ಫ್ರೆಂಚ್ ಸೇನೆಯ ಜೊತೆಗಿದ್ದ ಇಂಥ ಹೆಂಗಸರನ್ನು ಕ್ಯಾಂಟಿನಿಯೇರ್ ಎನ್ನುತ್ತಿದ್ದರು. ಪೀಪಾಯಿಯಲ್ಲಿ ಇದ್ದದ್ದು ಬ್ರಾಂದಿ. ಅದರ ಜೊತೆ ಊಟ, ವೈನ್, ಹೊಗೆಸೊಪ್ಪು, ಕಾಗದ ಪತ್ರಕ್ಕೆ ಹಾಳೆ ಎಲ್ಲ ಮಾರುತ್ತಿದ್ದರು. ಸೇನೆಯಿಂದ ಸಂಬಳವಿಲ್ಲ, ವ್ಯಾಪಾರವೇ ಹೊಟ್ಟೆಪಾಡು. ಸುಮ್ನೆ ಬಂದು ಅಂಗಡಿ ಇಡುವ ಹಾಗೂ ಇರಲಿಲ್ಲ. ಲೈಸೆನ್ಸ್ ಬೇಕಿತ್ತು. ನೆಪೋಲಿಯನ್ ಕಾಲಕ್ಕೆ ಅದೇ ಪಡೆಯ ಸೈನಿಕನನ್ನು ಮದುವೆಯಾಗಿರಬೇಕು ಎಂಬ ನಿಯಮವೂ ಇತ್ತು.

ಶಿಬಿರಗಳ ಸುತ್ತ ವೇಶ್ಯೆಯರೂ ಇದ್ದರು, ನಿಜ. ಆದರೆ ಸರ್ಕಾರ ಅವರನ್ನು ಇಟ್ಟುಕೊಂಡಿರಲಿಲ್ಲ, ಓಡಿಸಲು ನೋಡುತ್ತಿತ್ತು. 1793ರ ಏಪ್ರಿಲ್ 30ರ ಕಾನೂನು ಸೇನೆಗೆ ಉಪಯೋಗವಿಲ್ಲದ ಹೆಂಗಸರೆಲ್ಲ ಹೊರಡಬೇಕು ಎಂದಿತು. ಉಳಿದವರು ಬಟ್ಟೆ ಒಗೆಯುವವರು ಮತ್ತು ಈ ವ್ಯಾಪಾರದವರು. ಫಾರ್ವರ್ಡ್ ಹೇಳುವುದಕ್ಕೆ ಪೂರಾ ಉಲ್ಟಾ, ಅಲ್ವಾ?

ಇನ್ನೊಂದು ತಮಾಷೆ ಏನೆಂದರೆ, ಆ ಫೋಟೊ ಫ್ರಾನ್ಸಿನದೇ ಅಲ್ಲ. ಅದರಲ್ಲಿರುವುದು ಮೇರಿ ಟೆಪ್. ಫ್ರಾನ್ಸಿನಲ್ಲಿ ಹುಟ್ಟಿದ ಈಕೆ ಅಮೆರಿಕದ ಅಂತರ್ಯುದ್ಧದಲ್ಲಿ ಪೆನ್ಸಿಲ್ವೇನಿಯಾದ 114ನೇ ಪಡೆಯ ಜೊತೆ ಇದೇ ಕೆಲಸದಲ್ಲಿದ್ದರು. ಫ್ರೆಡರಿಕ್ಸ್‌ಬರ್ಗ್ ಕದನದಲ್ಲಿ ಕಾಲಿನ ಹರಡಿಗೆ ಗುಂಡೇಟು ಬಿತ್ತು. ಶೌರ್ಯಕ್ಕೆ ಕೀರ್ನಿ ಕ್ರಾಸ್ ಎಂಬ ಪದಕವನ್ನೂ ಕೊಟ್ಟಿದ್ದರು.

ಫ್ರಾನ್ಸಿನಲ್ಲಿ ಈ ವ್ಯವಸ್ಥೆ 1906ರಲ್ಲಿ ನಿಂತಿತು. ಕ್ಯಾಂಟೀನು ನಿವೃತ್ತ ಸೈನಿಕರ, ಅಂದರೆ ಗಂಡಸರ, ಕೈಗೆ ಹೋಯಿತು.