ಮೆಷಿನ್ ಪಾಪದ್ದು, ಕವರೇ ಕಷ್ಟ

ಚುನಾವಣಾ ತರಬೇತಿಗೆ ಬಂದು ಕೂತ ಮೇಷ್ಟ್ರುಗಳಷ್ಟು ತರಲೆ ವಿದ್ಯಾರ್ಥಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ವರ್ಷವಿಡೀ 'ಏಯ್, ಯಾರೋ ಅದು ಮಾತಾಡೋದು' ಅಂತ ಡಸ್ಟರ್ ಕುಟ್ಟಿದವರು ಬೆಂಚಿನ ಆ ಕಡೆಗೆ ಹೋಗಿ ಕೂತರೆ ಮುಗೀತು. ಮೊದಲು ತುಂಬುವುದು ಕೊನೇ ಬೆಂಚು. ಹಾಜರಿ ಹಾಕಿದ ಮರುಗಳಿಗೆಗೆ ಅರ್ಧ ಜನ ಕಾರಿಡಾರಿನಲ್ಲಿ. ಉಳಿದ ಅರ್ಧ ಜನ ಮೊಬೈಲಿನಲ್ಲಿ. ಮುಂದಿನ ಬೆಂಚಿನಲ್ಲಿ ಪುಸ್ತಕ ತೆರೆದು, ಪೆನ್ನು ಹಿಡಿದು ಕೂತ ಒಂದಿಬ್ಬರನ್ನು ನೋಡಿ ಖುಷಿಪಟ್ಟರೆ, ಅವರು ಮೌಲ್ಯಮಾಪನದ ಟಿ.ಎ. ಬಿಲ್ ಬರೆಯುತ್ತಿರುತ್ತಾರೆ.

ನಾನು ಪಾವಗಡದ ಪಿಯು ಲೆಕ್ಚರರ್. 2024ರ ಲೋಕಸಭಾ ಚುನಾವಣೆಗೆ ನನ್ನನ್ನು ಮಾಸ್ಟರ್ ಟ್ರೈನರ್ ಮಾಡಿದ್ದರು. ಹೆಸರು ಭರ್ಜರಿಯಾಗಿದೆ. ಕೆಲಸ ಮಾತ್ರ ಇಷ್ಟೇ: ಕೇಳಿಸಿಕೊಳ್ಳಲು ಮನಸ್ಸಿಲ್ಲದವರಿಗೆ, ಮೈಕು ಕೈಕೊಟ್ಟ ಹಾಲಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಪ್ರಜಾಪ್ರಭುತ್ವದ ನಟ್ಟು ಬೋಲ್ಟು ಬಿಚ್ಚಿ ತೋರಿಸುವುದು.

ಮೊದಲನೇ ತರಬೇತಿ ಅವರವರ ತಾಲ್ಲೂಕಿನಲ್ಲಿ, ಎರಡನೆಯದು ಡ್ಯೂಟಿ ಬಿದ್ದ ಕಡೆ. ಯಾರನ್ನು ಎಲ್ಲಿಗೆ ಎಸೆಯಬೇಕೆಂದು ತೀರ್ಮಾನಿಸುವುದು ಕಂಪ್ಯೂಟರು. ಅದಕ್ಕೆ ದಯೆ ದಾಕ್ಷಿಣ್ಯ ಇಲ್ಲ, ಭಾವ ಮೈದುನ ಇಲ್ಲ. ಹಾಗಾಗಿ ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯ ತೆಂಗಿನ ತೋಟದ ನೆರಳಿನ ಜನವೆಲ್ಲ ನಮ್ಮ ಬಂಡೆಗಳ ಊರಿಗೆ ಬಂದಿಳಿದರು. ಮಧುಗಿರಿ ದಾಟಿದರೆ ಪಾವಗಡದ ದಾರಿಯಲ್ಲಿ ನಡುವೆ ಆಂಧ್ರ ಸಿಗುತ್ತದೆ. ತುರುವೇಕೆರೆಯ ಮೇಡಂ ಒಬ್ಬರು ಕಿಟಕಿಯಾಚೆ ತೆಲುಗು ಬೋರ್ಡು ಕಂಡವರೇ ಗಾಬರಿಯಾಗಿ ಮನೆಗೆ ಫೋನ್ ಮಾಡಿ, 'ರೀ, ಬಸ್ಸು ರಾಜ್ಯ ಬಿಟ್ಟು ಹೋಯ್ತು, ಸಂಜೆಗೆ ನೀವೇ ಅನ್ನ ಮಾಡ್ಕಳಿ' ಅಂದರಂತೆ. ಪಾವಗಡ ಅಂದರೆ ಶನಿಮಹಾತ್ಮನ ಗುಡಿ ಅಂತ ಎಲ್ಲರಿಗೂ ಗೊತ್ತು. 'ಡ್ಯೂಟಿ ಆರ್ಡರ್ ಬಂದಾಗಲೇ ಹೆಗಲೇರಿದ್ದ ಸಾರ್, ಈಗ ಗುಡಿಗೇ ಕರಕೊಂಡು ಬಂದ' ಅಂತ ಒಬ್ಬರು ಕೈ ಮುಗಿದರು.

ಇಲ್ಲಿ ಇನ್ನೊಂದು ತಮಾಷೆ ಇದೆ. ತುಮಕೂರು ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರಗಳಿದ್ದರೂ ತುಮಕೂರು ಲೋಕಸಭೆಗೆ ಸೇರುವುದು ಎಂಟೇ. ಕುಣಿಗಲ್ ಬೆಂಗಳೂರು ಗ್ರಾಮಾಂತರದ್ದು, ಶಿರಾ ಮತ್ತು ಪಾವಗಡ ಚಿತ್ರದುರ್ಗದ್ದು. ಡ್ಯೂಟಿ ಸ್ವಂತ ಲೋಕಸಭಾ ಕ್ಷೇತ್ರದೊಳಗೇ ಇದ್ದರೆ ಇ.ಡಿ.ಸಿ., ಅಂದರೆ ಚುನಾವಣಾ ಕರ್ತವ್ಯದ ಪ್ರಮಾಣಪತ್ರ, ತಗೊಂಡು ಕೆಲಸ ಮಾಡುವ ಬೂತಿನಲ್ಲೇ ಓಟು ಹಾಕಬಹುದು. ಹೊರಗಿದ್ದರೆ ನಮೂನೆ 12 ತುಂಬಿ ಅಂಚೆ ಮತ. ತಿಪಟೂರಿನವರಿಗೆ ಇದನ್ನು ಹೇಳುವಷ್ಟರಲ್ಲಿ ನನ್ನ ಗಂಟಲ ಪಸೆ ಆರಿತು. 'ಜಿಲ್ಲೆ ಒಂದೇ ಅಲ್ವಾ ಸಾರ್?' 'ಒಂದೇ.' 'ಡಿಸಿ ಒಬ್ಬರೇ ಅಲ್ವಾ?' 'ಒಬ್ಬರೇ.' 'ಮತ್ತೆ ಎಂಪಿ ಯಾಕ್ ಬೇರೆ?' ಇದನ್ನು ಡಿಲಿಮಿಟೇಷನ್, ಅಂದರೆ ಕ್ಷೇತ್ರಗಳ ಗಡಿ ವಿಂಗಡಣೆ, ಮಾಡಿದವರನ್ನೇ ಕೇಳಬೇಕು ಅಂತ ಮುಂದಕ್ಕೆ ಹೋದೆ.

ವಿನಾಯಿತಿ ಕೇಳುವವರ ಸಾಲಿನ ಕತೆ ಹೇಳಿದರೆ ಮುಗಿಯುವುದಿಲ್ಲ. ಬಿ.ಪಿ., ಶುಗರ್, ಮಂಡಿನೋವು, ನಾದಿನಿ ಮದುವೆ. ಡ್ಯೂಟಿ ತಪ್ಪಿಸಿಕೊಂಡರೆ ದಂಡ ಹಾಕಲು ಪ್ರಜಾಪ್ರತಿನಿಧಿ ಕಾಯ್ದೆಯ 134ನೇ ಕಲಂ ಇದೆ ಅಂದ ಕೂಡಲೇ ಮಂಡಿನೋವುಗಳೆಲ್ಲ ಎದ್ದು ಓಡಾಡತೊಡಗಿದವು.

ಎಲ್ಲರಿಗಿಂತ ದೊಡ್ಡ ಗಂಟು ಬಿದ್ದವರು ಗುಬ್ಬಿ ಕಡೆಯ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅವರನ್ನು ಪಿ.ಆರ್.ಓ. ಮಾಡಿದ್ದರು, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. 'ಸಾರ್, ನಾನು ಮನೇಲೂ ಅಧ್ಯಕ್ಷ ಅಲ್ಲ' ಅಂತ ಅವರು ನನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದರು.

ತರಬೇತಿ ಶುರುವಾಗಿ ಎರಡನೇ ಸ್ಲೈಡಿಗೆ ಕರೆಂಟು ಹೋಯಿತು. ನಮ್ಮ ಬಿಸಿಲನ್ನು ನಂಬಿ ತಿರುಮಣಿ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. ಇಡೀ ನಾಡಿಗೆ ಕರೆಂಟು ಕಳಿಸುವ ತಾಲ್ಲೂಕಿನಲ್ಲಿ ಒಂದು ಪ್ರೊಜೆಕ್ಟರಿಗೆ ಕರೆಂಟಿಲ್ಲ. ಇವಿಎಂ ಮಾತ್ರ ಬ್ಯಾಟರಿಯದ್ದು, ಅದಕ್ಕೆ ಈ ಹಂಗಿಲ್ಲ. ಸರಿ, ಮೆಷಿನ್ನನ್ನೇ ಟೇಬಲ್ ಮೇಲಿಟ್ಟು ಜನರನ್ನು ಸುತ್ತ ಕರೆದೆ.

ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ಟಿನ ಕೇಬಲ್ಲು ಚೀಟಿ ಮುದ್ರಿಸುವ ವಿವಿಪ್ಯಾಟಿಗೆ, ವಿವಿಪ್ಯಾಟಿನದು ಓಟಿನ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್ಟಿಗೆ. ವಿವಿಪ್ಯಾಟಿನ ಹಿಂದಿನ ನಾಬು ಅಡ್ಡಕ್ಕಿದ್ದರೆ ಪ್ರಯಾಣ, ನೆಟ್ಟಗಿದ್ದರೆ ಕೆಲಸ. ವಿವಿಪ್ಯಾಟನ್ನು ನೇರ ಬೆಳಕಿನ ಕೆಳಗೆ ಇಡಬಾರದು. ಇಷ್ಟೇ ಪಾಠ. ಮೆಷಿನ್ ಪರೀಕ್ಷೆಯ ಅಣಕು ಮತದಾನ, ಅಸಲಿ ಮತದಾನಕ್ಕೆ 90 ನಿಮಿಷ ಮುಂಚೆ, ಅಂದರೆ ಏಳಕ್ಕೆ ಮತದಾನ ಇದ್ದರೆ ಐದೂವರೆಗೆ ಶುರು. ಕನಿಷ್ಠ 50 ಓಟು, ನೋಟಾ ಸೇರಿ ಪ್ರತಿ ಗುಂಡಿಗೂ ಬೀಳಬೇಕು. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್. ಈ ಮೂರನ್ನು ಮಗ್ಗಿಯ ಹಾಗೆ ಎಲ್ಲರ ಬಾಯಲ್ಲೂ ಹೇಳಿಸಿದೆ. ಕ್ಲಿಯರ್ ಒತ್ತುವುದು ಮರೆತರೆ ಅಣಕು ಓಟೂ ಅಸಲಿ ಓಟೂ ಒಂದೇ ಹೊಟ್ಟೆ ಸೇರುತ್ತವೆ, ಆಮೇಲೆ ಎಣಿಕೆ ದಿನ ಎಲ್ಲರ ನಿದ್ದೆಯೂ ಹೋಗುತ್ತದೆ. ಪಿ.ಟಿ. ಮೇಷ್ಟ್ರೊಬ್ಬರು ಡ್ರಿಲ್ಲಿನ ಗಂಟಲಲ್ಲಿ 'ಕ್ಲೋಸ್! ರಿಸಲ್ಟ್! ಕ್ಲಿಯರ್!' ಅಂತ ಕೂಗಿದ್ದಕ್ಕೆ ಪಕ್ಕದ ಹಾಲಿನ ತರಬೇತಿ ನಿಂತು, ಅಲ್ಲಿಯವರೆಲ್ಲ ಊಟಕ್ಕೆ ಎದ್ದರು.

ಅಣಕು ಓಟು ಹಾಕಿದ್ದಾಯಿತು. ವಿವಿಪ್ಯಾಟಿನ ಚೀಟಿ ಎಣಿಸುವ ಕೆಲಸಕ್ಕೆ, ತರಬೇತಿಗೆ ಬಂದಿದ್ದ ಬ್ಯಾಂಕಿನ ಮೇಡಂ ಒಬ್ಬರು ತಾವಾಗೇ ಮುಂದೆ ಬಂದರು. ಬೆರಳು ಒದ್ದೆ ಮಾಡಿಕೊಂಡು ನೋಟಿನ ಕಟ್ಟು ಎಣಿಸುವ ಶೈಲಿಯಲ್ಲೇ ಸರಸರ ಎಣಿಸಿ, ಮುಖ ಗಂಟು ಹಾಕಿ, ಮತ್ತೊಮ್ಮೆ ಎಣಿಸಿ, ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: 'ಸಾರ್, ಹಾಕಿದ್ದು ಐವತ್ತು. ಚೀಟಿ ಐವತ್ತೇಳು ಇದೆ. ಮೇಲಿನವರಿಗೆ ತಿಳಿಸಿಬಿಡಿ.' ಅಷ್ಟರಲ್ಲಿ ಹಿಂದಿನ ಬೆಂಚು ಪೂರ್ತಿ ಎಚ್ಚರವಾಗಿತ್ತು. ಬೆಳಗ್ಗೆಯಿಂದ ಒಂದು ಪ್ರಶ್ನೆ ಕೇಳದವರು ಈಗ ಟಿವಿ ಚರ್ಚೆಯ ಪರಿಣತರು. ಮೆಷಿನ್ ಆನ್ ಮಾಡಿದಾಗ ವಿವಿಪ್ಯಾಟು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಏಳು ಚೀಟಿ ಉದುರಿಸುತ್ತದೆ, ಅದರ ಮೇಲೆ ಯಾರ ಚಿಹ್ನೆಯೂ ಇರೋದಿಲ್ಲ, ತಿರುಗಿಸಿ ನೋಡಿ ಅಂದೆ. ನೋಡಿದರು. ಹಗರಣ ಸಿಗದ ಬೇಜಾರಿಗೆ ಹಿಂದಿನ ಬೆಂಚು ಮತ್ತೆ ಮಲಗಿತು.

ಪ್ರಶ್ನೆಗಳಿದ್ದರೆ ಕೇಳಿ ಅಂದೆ. ಒಬ್ಬ ಮತದಾರನ ಗುರುತಿನ ಬಗ್ಗೆ ಅಭ್ಯರ್ಥಿಗಳ ಏಜೆಂಟರು ತಕರಾರು ಎತ್ತಿದರೆ ಎರಡು ರೂಪಾಯಿ ಠೇವಣಿ ಕಟ್ಟಿ ಚಾಲೆಂಜ್ ಮಾಡಬಹುದು ಎಂಬ ನಿಯಮ ಆಗಷ್ಟೇ ಹೇಳಿ ಮುಗಿಸಿದ್ದೆ. ಪಿ.ಟಿ. ಮೇಷ್ಟ್ರು ಎದ್ದರು. 'ಸಾರ್, ಎರಡು ರೂಪಾಯಿ ಚಿಲ್ಲರೆ ಯಾರ ಹತ್ರ ಇರುತ್ತೆ? ಫೋನ್‌ಪೇ ಮಾಡಿಸ್ಕೋಬಹುದಾ? ಮಾಡಿಸ್ಕೊಂಡ್ರೆ ಯಾರ ನಂಬರಿಗೆ?' ಕೈಪಿಡಿ ಬರೆದವರಿಗೂ ಈ ಯೋಚನೆ ಬಂದಿರಲಿಕ್ಕಿಲ್ಲ.

ನನ್ನ ಕೇಳಿದರೆ ಈ ತರಬೇತಿಯ ಗಂಟೆಗಳನ್ನೇ ತಿರುಗಿಸಿ ಹಂಚಬೇಕು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮೆಷಿನ್ ಮೆಷಿನ್ ಅಂತ ಹೇಳುತ್ತೇವೆ. ಕೊನೆಗೆ ಉಪ್ಪಿಟ್ಟು ಚಿತ್ರಾನ್ನದ ವಾಸನೆ ಬರುವ ಹೊತ್ತಿಗೆ 'ಇನ್ನು ಕವರ್‌ಗಳು, ಅದು ಸುಲಭ, ನೀವೇ ನೋಡ್ಕೊಳ್ಳಿ' ಅಂತ ಮುಗಿಸುತ್ತೇವೆ. ಮೆಷಿನ್ ಪಾಪದ್ದು. ಒತ್ತಿದರೆ ಕೂಗುತ್ತದೆ, ತಪ್ಪಿದ್ದರೆ ಎರರ್ ತೋರಿಸುತ್ತದೆ. ಕವರ್ ಎರರ್ ತೋರಿಸುವುದಿಲ್ಲ. ಹಸಿರು ಕವರು ಶಾಸನಬದ್ಧ, ಹಳದಿ ಕವರು ಶಾಸನಬದ್ಧವಲ್ಲದ್ದು, ಅಣಕು ಚೀಟಿಗೆ ಕಪ್ಪು ಕವರು. ಮತದಾರರ 17ಎ ರಿಜಿಸ್ಟರು ಒಂದರೊಳಗೆ, ಬಿದ್ದ ಓಟುಗಳ 17ಸಿ ಲೆಕ್ಕ ಇನ್ನೊಂದರೊಳಗೆ. ದೊಡ್ಡ ಕವರಿನೊಳಗೆ ಸಣ್ಣ ಕವರು, ಅದರೊಳಗೆ ಇನ್ನೂ ಸಣ್ಣದು, ಕೆಲವಕ್ಕೆ ಒಳಗೆ ಹಾಕಲು ಏನೂ ಇರುವುದಿಲ್ಲ. 'ಏನೂ ಇಲ್ಲದಿದ್ದರೆ ಕವರ್ ಬಿಟ್ಟುಬಿಡ್ಲಾ?' ಅಂತ ಕೇಳುವ ಹಾಗಿಲ್ಲ. 'ಇಲ್ಲ' ಅಂತ ಒಂದು ಹಾಳೆಯಲ್ಲಿ ಬರೆದು ಒಳಗಿಟ್ಟು ಕೊಡಬೇಕು.

ಪ್ರಾಯೋಗಿಕ ಅಭ್ಯಾಸದಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಮತದಾರರ ಪಟ್ಟಿ ಗುರುತು ಮಾಡಲು ಕೊಟ್ಟೆ. ಓಟು ಹಾಕಲು ಬಂದವರ ಹೆಸರಿನ ಚೌಕಕ್ಕೆ ಓರೆಗೆರೆ. ಹೆಂಗಸರಾದರೆ ಕ್ರಮಸಂಖ್ಯೆಗೆ ಒಂದು ಸುತ್ತು ಕೂಡ. ಅವರು ಅಡಿಪಟ್ಟಿ ಹಿಡಿದು ಓರೆಗೆರೆ ಎಳೆದರು. ಸುತ್ತು ಹಾಕಲು ಜೇಬಿನಿಂದ ಕೈವಾರ ತೆಗೆದರು. 'ಮೇಷ್ಟ್ರೇ, ಹೊರಗೆ ಇನ್ನೂರು ಜನ ಕ್ಯೂ ಇರ್ತಾರೆ' ಅಂದೆ. 'ಇರಲಿ ಸಾರ್, ಸರ್ಕಾರಿ ದಾಖಲೆ' ಅಂದರು.

ಮತದಾನದ ದಿನ ನಾನು ತಾಲ್ಲೂಕು ಕೇಂದ್ರದಲ್ಲಿ ಉಳಿದೆ. ಉಳಿದೆ ಅನ್ನುವುದಕ್ಕಿಂತ ಫೋನಿಗೆ ಬಲಿಯಾದೆ. ತರಬೇತಿಯಲ್ಲಿ ನನ್ನ ಮುಖ ನೋಡದವರೆಲ್ಲ ನಂಬರ್ ಮಾತ್ರ ಬರೆದುಕೊಂಡಿದ್ದರು. ಮೊದಲ ಫೋನು ಇನ್ನೂ ಕತ್ತಲಿರುವಾಗ. 'ಸಾರ್, ಶಾಯಿ ಬಾಟ್ಲಿ ಉರುಳದ ಹಾಗೆ ಮರಳಲ್ಲಿ ಊರಿಡಬೇಕು ಅಂದಿದ್ರಿ. ಮರಳು ತರೋಕೆ ಹೋದ್ರೆ, ಸಾರ್ ಮರಳು ಎತ್ತಿದ್ರೆ ಕೇಸು ಹಾಕ್ತಾರೆ ಅಂತ ಊರವರು ಹೆದರಿಸ್ತಾವ್ರೆ.' ಮಣ್ಣು ಹಾಕಪ್ಪ ಅಂದೆ. ಮುಂದಿನದು ತುರುವೇಕೆರೆ ಮೇಡಂದು. ಶಾಲೆಯ ಶೌಚಾಲಯಕ್ಕೆ ಬೀಗ. ಬೀಗದ ಕೈ ಆ ಶಾಲೆಯ ಹೆಡ್ ಮೇಷ್ಟ್ರ ಹತ್ತಿರ. ಹೆಡ್ ಮೇಷ್ಟ್ರು ಮಧುಗಿರಿ ಕಡೆ ಎಲ್ಲೋ ಪಿ.ಆರ್.ಓ. ಅವರಿಗೆ ಫೋನ್ ಹಚ್ಚಿದರೆ, 'ಕೀ ನನ್ನ ಜೇಬಲ್ಲೇ ಅದೆ ಸಾರ್. ಇಲ್ಲಿಯ ಶೌಚಾಲಯದ್ದೇ ಸಿಕ್ಕಿಲ್ಲ, ಈ ಶಾಲೆ ಎಚ್ಚೆಮ್ಮು ಎಲ್ಲಿಗೆ ಹೋಗವ್ರೋ ನಿಮಗೇನಾದ್ರೂ ಗೊತ್ತಾ?' ಅಂತ ನನ್ನನ್ನೇ ಕೇಳಿದರು. ಕೊನೆಗೆ ಬಿಸಿಯೂಟದ ಅಕ್ಕ ಮೇಡಂನ ತನ್ನ ಮನೆಗೆ ಕರೆದುಕೊಂಡು ಹೋಗಿ ಕಾಪಾಡಿದಳು.

ಬಿಸಿಲೇರುತ್ತಿದ್ದಂತೆ ಪಿ.ಟಿ. ಮೇಷ್ಟ್ರು. ಅವರ ಊರಿನಲ್ಲಿ ಜನ ಪೂರ್ತಿ ತೆಲುಗು. ಒಬ್ಬ ಅಜ್ಜಿ ಒಳಗೆ ಹೋಗಿ, ಒತ್ತಿ, ಬೀಪ್ ಆದ ಮೇಲೂ ಆಚೆ ಬರಲೊಲ್ಲದೆ ಅಲ್ಲೇ ನಿಂತುಬಿಟ್ಟಿದೆ. 'ಚೀಟಿ ರಾಲೇದು, ಚೀಟಿ ರಾಲೇದು' ಅಂತ ಒಂದೇ ಹಟ. ವಿವಿಪ್ಯಾಟಿನ ಕಿಟಕಿಯಲ್ಲಿ ಏಳು ಸೆಕೆಂಡು ಕಂಡ ಚೀಟಿ ಒಳಗೆ ಬಿದ್ದುಹೋಯಿತು, ಅದು ತನ್ನ ಕೈಗೆ ಬರಬೇಕಿತ್ತು ಅನ್ನುವುದು ಅಜ್ಜಿಯ ವಾದ. ಬಸ್ಸಿನಲ್ಲಿ ಫ್ರೀ ಆದರೂ ಟಿಕೆಟ್ ಕೊಡುತ್ತಾರೆ, ಇಲ್ಲಿ ಯಾಕಿಲ್ಲ? 'ಒಳಗೆ ನಾನು ಹೋಗೋ ಹಾಗಿಲ್ಲ, ಅಜ್ಜಿ ಈಚೆ ಬರೋ ಹಾಗಿಲ್ಲ, ಏನ್ ಮಾಡ್ಲಿ ಸಾರ್' ಅಂದರು. ಹೊರಗಿನಿಂದಲೇ ಡ್ರಿಲ್ಲಿನ ಗಂಟಲಲ್ಲಿ ತೆಲುಗಿನಲ್ಲಿ ಕರೆಯಿರಿ ಅಂದೆ. ಅವರಿಗೆ ಬರುತ್ತಿದ್ದ ತೆಲುಗು ಸಿನಿಮಾದ್ದು. ಏನು ಕೂಗಿದರೋ ನನಗೆ ಹೇಳಲಿಲ್ಲ. ಅಜ್ಜಿ ಮಾತ್ರ ನಕ್ಕೊಂಡೇ ಆಚೆ ಬಂತಂತೆ.

ರಾತ್ರಿ ಎಂಟರ ಸುಮಾರಿಗೆ ಡ್ರಾಯಿಂಗ್ ಮೇಷ್ಟ್ರ ಫೋನು. ಇಡೀ ದಿನ ಸದ್ದಿಲ್ಲದವರು. ದನಿ ನಡುಗುತ್ತಿತ್ತು. 'ಸಾರ್, ಎಲ್ಲಾ ಮುಗೀತು. ಲೆಕ್ಕ ತಾಳೆ ಆಯ್ತು. ಕೊನೇ ಕವರಿಗೆ ಅರಗು ಕರಗಿಸಿ ಹಾಕಿದೀನಿ, ಸೀಲ್ ಒತ್ತೋಣ ಅಂದ್ರೆ ಲೋಹದ ಸೀಲೇ ಇಲ್ಲ. ಕ್ಯಾಂಡಲ್ ಬೇರೆ ಮುಗೀತಾ ಬಂತು. ಬಸ್ಸಿನೋರು ಹಾರನ್ ಹೊಡೀತಾವ್ರೆ. ಯಾವುದೋ ಕವರೊಳಗೆ ಸೇರ್ಕೊಂಡಿದೆ ಸಾರ್, ಎಲ್ಲಾ ಒಡೆದು ನೋಡ್ಲಾ?'

ಒಡೆಯಬೇಡಿ ಅಂತ ಕಿರುಚಿದೆ. ಆಮೇಲೆ ಸಮಾಧಾನವಾಗಿ ಹೇಳಿದೆ. ಅರಗಿನ ಮೇಲೆ ಮುದ್ರೆ ಬಿದ್ದ ಕವರ್ ಮುಚ್ಚಿದ ಮೇಲೂ ಸೀಲು ನಿಮ್ಮ ಕೈಯಲ್ಲೇ ಇತ್ತು. ಹಾಗಾಗಿ ಅವುಗಳೊಳಗೆ ಇರೋಕೆ ಸಾಧ್ಯವಿಲ್ಲ. ಬರೀ ಗೋಂದು ಹಚ್ಚಿ ಮುಚ್ಚಿದ್ದು ಯಾವುದಿದೆ ನೋಡಿ. ಆ ಕಡೆ ಒಂದಷ್ಟು ಹೊತ್ತು ಸರಪರ ಸದ್ದು. ಹಳದಿ ಕವರು ಒಂದು ಅಂಟಿನ ಭರವಸೆಯ ಮೇಲೆ ನಿಂತಿತ್ತು. ಗೋಂದು ಇನ್ನೂ ಹಸಿ. ಅಲುಗಿಸಿದರೆ ಒಳಗೆ ಕಟಕಟ. 'ಸಿಕ್ತು ಸಾರ್! ಸ್ಕೆಚ್ ಪೆನ್ನಿನ ಜೊತೆ ಹೋಗಿಬಿಟ್ಟಿತ್ತು.' ಸ್ಕೆಚ್ ಪೆನ್ ಎಲ್ಲಿಂದ ಬಂತು, ಅದನ್ನು ಚುನಾವಣಾ ಆಯೋಗ ಕೊಡುವುದಿಲ್ಲವಲ್ಲ ಅಂತ ಕೇಳಲು ಹೋಗಲಿಲ್ಲ.

ಅದು ಗೊತ್ತಾಗಿದ್ದು ನಡುರಾತ್ರಿ, ಮೆಷಿನ್ನು ಕವರು ವಾಪಸು ಪಡೆಯುವ ಡಿಮಸ್ಟರಿಂಗ್ ಕೌಂಟರಿನಲ್ಲಿ. ಧೂಳು, ಬೆವರು, ಹೆಗಲ ಮೇಲೆ ವಿವಿಪ್ಯಾಟು ಹೊತ್ತ ಜನ. ಒಬ್ಬೊಬ್ಬರ ಕವರೂ ಒಂದೊಂದು ಗಾಯಾಳು. ಬ್ಯಾಂಕಿನ ಮೇಡಂ ಮಾತ್ರ ನಗುತ್ತಾ ಬಂದು ಎರಡೇ ನಿಮಿಷದಲ್ಲಿ ರಸೀದಿ ಹಿಡಿದು ಹೋದರು. ಡ್ರಾಯಿಂಗ್ ಮೇಷ್ಟ್ರ ಸರದಿ ಬಂದಾಗ ಕೌಂಟರಿನ ಹುಡುಗಿ ಬರೆಯುತ್ತಿದ್ದ ಕೈ ನಿಲ್ಲಿಸಿ ಕವರುಗಳನ್ನೇ ನೋಡಿದಳು. ಪ್ರತಿ ಕವರಿನ ಮೇಲೂ ಮತಗಟ್ಟೆಯ ಸಂಖ್ಯೆ, ಹೆಸರು, ಒಳಗಿರುವುದರ ಪಟ್ಟಿ, ದಪ್ಪ ಅಕ್ಷರದಲ್ಲಿ, ನೆರಳು ಕೊಟ್ಟು, ಕೆಳಗೆ ಎರಡೆರಡು ಗೆರೆ. ಅರಗಿನ ಮುದ್ರೆಗಳು ಒಂದರ ಕೆಳಗೊಂದು, ಅಳತೆ ಹಿಡಿದು ಇಟ್ಟ ಬಿಂದಿಗಳು. ಪಕ್ಕದ ಕೌಂಟರಿನವರೂ ಎದ್ದು ಬಂದರು. ಹಿಂದೆ ನಿಂತಿದ್ದ ಸಾಹೇಬರೊಬ್ಬರು ಹಸಿರು ಕವರನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದರು.

'ಯಾರ್ರೀ ಇವರು? ಹೆಸರು ಬರ್ಕೊಳ್ಳಿ. ಮುಂದಿನ ಸಲ ಕವರ್ ಕ್ಲಾಸಿಗೆ ಇವರೇ ಮಾಸ್ಟರ್ ಟ್ರೈನರ್.'

ಟೀ ಕುಡಿದು ಬರ್ತೀನಿ ಅಂತ ಹೋದ ಮೇಷ್ಟ್ರು ಆ ರಾತ್ರಿ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ರಸೀದಿ ಕೌಂಟರಿನಲ್ಲೇ ಉಳಿಯಿತು.