ಹೆದರಿಸುವ ಮನೆಗೆ ನಮ್ಮೂರ ಕುಲೆ ಬೇಕಾ?

ಜಾತ್ರೆ, ಎಕ್ಸಿಬಿಷನ್‌ಗಳ ಭೂತ್ ಬಂಗ್ಲಾ ನಮಗೆ ಹೊಸತಲ್ಲ. ಈಗೀಗ ಅಕ್ಟೋಬರ್ ಕೊನೆಗೆ ಮಂಗಳೂರು, ಉಡುಪಿಯಲ್ಲೂ ಹ್ಯಾಲೋವೀನ್ ಅಂತ ಕೇಳಿಬರುತ್ತದೆ. ದೊಡ್ಡ ಥೀಮ್ ಪಾರ್ಕುಗಳಲ್ಲಿ ಇರುವಂಥ ಹಾಂಟೆಡ್ ಹೌಸ್, ಸ್ಕೇರ್ ಝೋನ್ ಇಲ್ಲಿ ಸರಿಯಾಗಿ ಕಟ್ಟುವುದಾದರೆ ಒಳಗೆ ಯಾರಿರಬೇಕು? ಡ್ರಾಕುಲಾ, ಜೋಂಬಿಗಳಾ, ಇಲ್ಲ ನಮ್ಮದೇ ಕುಲೆ (ತೀರಿಹೋದ ಮನೆಯವರ ಪ್ರೇತ), ಮೋಹಿನಿ, ಬ್ರಹ್ಮರಾಕ್ಷಸರಾ? ತುಳುನಾಡಿನಲ್ಲಿ ಕೋಲ ಕೊಟ್ಟು ನಂಬುವ ದೈವಗಳನ್ನು ಇದಕ್ಕೆ ಎಳೆಯಲೇಬಾರದು ಅನ್ನುವುದರಲ್ಲಿ ಎರಡೂ ಕಡೆಯವರದ್ದು ಒಂದೇ ಮಾತು. ಜಗಳ ಉಳಿದದ್ದರ ಮೇಲೆ.

ಪರ: ಭಯಕ್ಕೂ ಊರು ಉಂಟು

ಕುಂಬಳಕಾಯಿಗೆ ಕಣ್ಣು, ಬಾಯಿ ಕೊರೆದು ಒಳಗೆ ದೀಪ ಇಟ್ಟರೆ ಇಲ್ಲಿ ಯಾರೂ ಹೆದರುವುದಿಲ್ಲ. ಛೇ, ಒಂದು ಹೊತ್ತಿನ ಪಲ್ಯ ಹಾಳಾಯ್ತು ಅಂತಾರೆ ಅಷ್ಟೇ. ಅದೇ ಒಂದು ಬೂದುಕುಂಬಳ ಒಡೆದು, ಕುಂಕುಮ ಸುರಿದು, ಎರಡು ಲಿಂಬೆಹಣ್ಣಿನ ಜೊತೆ ಮೂರು ಮಾರ್ಗ ಸೇರುವಲ್ಲಿ ಇಟ್ಟು ನೋಡಿ. ಎಂಜಿನಿಯರಿಂಗ್ ಓದಿದವನೂ ಸ್ಕೂಟರನ್ನು ಬದಿಗೆ ತೆಗೆದುಕೊಂಡೇ ಹೋಗುತ್ತಾನೆ. ನಂಬಿಕೆ ಉಂಟಾ ಕೇಳಿದರೆ ಇಲ್ಲ ಅಂತಾನೆ. ಆದರೂ ತುಳಿಯುವುದಿಲ್ಲ. ಹೆದರಿಸುವ ಮನೆ ಕಟ್ಟುವವರಿಗೆ ಬೇಕಾದದ್ದು ಈ ‘ಆದರೂ’ ಮಾರಾಯ್ರೆ. ಅದು ಜೋಂಬಿಯಿಂದ ಸಿಗುವುದಿಲ್ಲ.

ದೊಡ್ಡ ಪಾರ್ಕಿನವರಿಗೆ ಇದು ಯಾವತ್ತೋ ಗೊತ್ತಾಗಿದೆ. ಒರ್ಲಾಂಡೊದ ಯೂನಿವರ್ಸಲ್ ಸ್ಟುಡಿಯೋಸ್‌ನವರು 1991ರಲ್ಲಿ ಮೂರೇ ರಾತ್ರಿಗೆ ಅಂತ ಶುರುಮಾಡಿದ್ದು ಮಾರನೇ ವರ್ಷ ‘ಹ್ಯಾಲೋವೀನ್ ಹಾರರ್ ನೈಟ್ಸ್’ ಆಯಿತು, ಈಗ ವಾರಗಟ್ಟಲೆ ನಡೆಯುತ್ತದೆ. ಅದೇ ಕಂಪನಿ ಲಾಸ್ ಏಂಜಲೀಸ್‌ನ ಪಾರ್ಕಿನಲ್ಲಿ 2011ರಲ್ಲಿ ಲಾ ಯೊರೋನಾಳಿಗೆ ಒಂದು ಮನೆ ಕಟ್ಟಿತು. ಮಕ್ಕಳನ್ನು ನೀರಿಗೆ ಮುಳುಗಿಸಿ, ಆಮೇಲೆ ಹೊಳೆ ಬದಿಯಲ್ಲಿ ಅಳುತ್ತಾ ತಿರುಗುವ ಮೆಕ್ಸಿಕೋದ ಹೆಂಗಸು ಅವಳು. ಆ ಊರಲ್ಲಿ ಮೆಕ್ಸಿಕೋ ಮೂಲದವರು ಬಹಳ. ಸಣ್ಣವರಿರುವಾಗ ಅಜ್ಜಿ ಹೇಳಿ ಹೆದರಿಸಿದ ಹೆಂಗಸು ದೊಡ್ಡವರಾದ ಮೇಲೆ ಎದುರು ಬಂದು ನಿಂತರೆ ಹೇಗಾಗಬೇಡ? ಸಿಂಗಾಪುರದಲ್ಲಿ 2018ರಲ್ಲಿ ಪೊಂಟಿಯಾನಾಕ್‌ಗೇ ಒಂದು ಮನೆ ಕೊಟ್ಟರು. ಅದು ಮಲಯದವರ ಪ್ರೇತ. ಅವರವರ ಊರಲ್ಲಿ ಅವರವರ ಭಯ. ನಾವು ಮಾತ್ರ ಯಾಕೆ ರಬ್ಬರ್ ಮುಖವಾಡ ಆನ್‌ಲೈನಲ್ಲಿ ತರಿಸಬೇಕು?

ಸ್ಕೇರ್ ಝೋನ್ ಅಂದರೆ ಗೋಡೆ, ಮಾಡು ಇಲ್ಲದ್ದು. ನೀವು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋಗುವ ದಾರಿಯಲ್ಲೇ ಹೊಗೆ, ಬೆಳಕು, ವೇಷದವರು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ 1973ರಿಂದ ಹೆದರಿಸುವ ಕೆಲಸ ಮಾಡುತ್ತಿದೆ. ಅಲ್ಲಿನ ಕೆಲವರು ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು, ಹೊಗೆಯೊಳಗಿಂದ ಓಡಿಬಂದು, ನೆಲದಲ್ಲಿ ಕಿಡಿ ಹಾರಿಸುತ್ತಾ ಜಾರಿ ನಿಮ್ಮ ಕಾಲಬುಡಕ್ಕೇ ಬಂದು ನಿಲ್ಲುತ್ತಾರೆ. ಭಾರೀ ಚಂದ. ಆದರೆ ತೆಂಕುತಿಟ್ಟು ಯಕ್ಷಗಾನದ ‘ಶ್ರೀ ದೇವಿ ಮಹಾತ್ಮೆ’ ಆಟದಲ್ಲಿ ಮಹಿಷಾಸುರ ಎಲ್ಲಿಂದ ಬರುತ್ತಾನೆ, ಹೇಳಿ? ಎಲ್ಲರ ಕಣ್ಣು ರಂಗಸ್ಥಳದ ಮೇಲಿರುವಾಗ ಅವನು ಜನರ ಬೆನ್ನ ಹಿಂದಿನಿಂದ, ಗದ್ದೆಯ ಆ ತುದಿಯಿಂದ ಬರುತ್ತಾನೆ. ಮೊದಲು ಬೊಬ್ಬೆ, ಆಮೇಲೆ ದೊಂದಿ, ಅದಕ್ಕೆ ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಆ ಬೆಂಕಿಯಲ್ಲಿ ಒಂದು ಕ್ಷಣ ಕಂಡು ಮಾಯವಾಗುವ ಕೋಡು. ಚಾಪೆಯಲ್ಲಿ ಮಲಗಿದ್ದ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ.

ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಒಡ್ಡೋಲಗವನ್ನೂ ನೋಡಿ, ಅವನು ರಂಗಕ್ಕೆ ಬರುವ ರೀತಿ. ತೆರೆಯ ಹಿಂದೆ ಮೊದಲು ಆರ್ಭಟೆ ಮಾತ್ರ. ಆಮೇಲೆ ಕಿರೀಟದ ತುದಿ. ಆಮೇಲೆ ತೆರೆಯ ಅಂಚು ಹಿಡಿದ ಬೆರಳು. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟ ಚಿಟ್ಟಿ ಕಾಣುವುದು ಎಲ್ಲಕ್ಕಿಂತ ಕೊನೆಗೆ. ಎಷ್ಟು ತೋರಿಸಬೇಕು, ಎಷ್ಟು ಹೊತ್ತು ಮುಚ್ಚಿಡಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾರು ಕಲಿಸುತ್ತಾರೆ?

ಇನ್ನು ಮನೆಯ ಒಳಗೆ. ನನ್ನ ಕೈಗೆ ಕೊಟ್ಟರೆ ನಾನು ಹಳೇ ಗುತ್ತಿನ ಮನೆ, ಅಂದರೆ ಊರ ದೊಡ್ಡ ಮನೆತನದವರ ಮನೆ, ಕಟ್ಟಿಸುತ್ತೇನೆ. ತಲೆ ಬಗ್ಗಿಸದೆ ಒಳಗೆ ಹೋಗಲಾಗದ ಗಿಡ್ಡ ಬಾಗಿಲು. ತಲೆ ಬಗ್ಗಿದವನಿಗೆ ಎದುರು ಏನುಂಟು ಅಂತ ಕಾಣುವುದಿಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಹಂಚಿನ ಮೇಲೆ ಮಳೆಯ ಶಬ್ದ. ಒದ್ದೆ ಗೋಣಿಯ ವಾಸನೆ. ಅಂಗಳದಲ್ಲಿ ಹಾಲೆ ಮರ. ಅದು ಹೂ ಬಿಡುವುದೂ ಅಕ್ಟೋಬರ್ ಹೊತ್ತಿಗೇ, ರಾತ್ರಿ ಅದರ ಘಾಟು ಮೂಗಿಗೆ ಬಂದರೆ ಊರಿನ ಅರ್ಧ ಕತೆಗಳು ತಾವೇ ನೆನಪಾಗುತ್ತವೆ.

ಒಳಗಿನ ಚಾವಡಿ ಖಾಲಿ. ನೋಡುತ್ತಾ ನಿಂತರೆ ಮೆಲ್ಲ ಮೆಲ್ಲ ಒಬ್ಬರು ಅಜ್ಜಿ ಕಾಣಿಸುತ್ತಾರೆ. ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾರೆ. ತಲೆ ಎತ್ತುವುದಿಲ್ಲ. ಅವರ ಮೈ ಮೂಲಕ ಹಿಂದಿನ ಗೋಡೆ ಕಾಣುತ್ತದೆ. ಇದಕ್ಕೆ ಕಂಪ್ಯೂಟರ್ ಬೇಡ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ಗಾಜಿನ ಆಟ ಇದು, ಡಿಸ್ನಿಲ್ಯಾಂಡಿನ ಹಾಂಟೆಡ್ ಮ್ಯಾನ್ಶನ್ನಿನಲ್ಲಿ 1969ರಿಂದ ಪ್ರೇತಗಳು ಕುಣಿಯುವುದೂ ಇದರಿಂದಲೇ. ಚಾವಡಿಗೂ ನೋಡುವವರಿಗೂ ನಡುವೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಬೇಕು. ಬದಿಯಲ್ಲಿ, ಜನರ ಕಣ್ಣಿಗೆ ಬೀಳದ ಕಡೆ, ಕಪ್ಪು ಬಟ್ಟೆ ಹೊದೆಸಿದ ಕೋಣೆಯಲ್ಲಿ ಅಜ್ಜಿ ಕೂತಿರಬೇಕು. ಅವರ ಮೇಲಿನ ದೀಪ ನಿಧಾನ ಏರಿಸಿದರೆ ಗಾಜಿನಲ್ಲಿ ಬಿಂಬ ಮೂಡುತ್ತದೆ, ನಮಗೆ ಅವರು ಚಾವಡಿಯಲ್ಲೇ ಕೂತ ಹಾಗೆ ಕಾಣುತ್ತದೆ. ದೀಪ ಇಳಿಸಿದರೆ ಇಲ್ಲ.

ಅಜ್ಜಿ ಮಾತ್ರ ಹೆದರಿಸಬಾರದು. ಜನ ಅವರನ್ನೇ ನೋಡುತ್ತಾ ಬಾಯಿ ಬಿಟ್ಟಾಗ ಹೆದರಿಸುವವನು ಎಡಗಡೆಯ ಬಾಗಿಲ ಸಂದಿನಿಂದ ಬರಬೇಕು. ಅದೂ ಹಿಂದಿನಿಂದ ಬರಬೇಕು, ಜನ ಮುಂದಕ್ಕೆ ಓಡುವ ಹಾಗೆ. ಎದುರಿನಿಂದ ಬಂದರೆ ಎಲ್ಲ ಹಿಂದಕ್ಕೆ ನುಗ್ಗಿ ಸಾಲು ಸಿಕ್ಕಿಹಾಕಿಕೊಳ್ಳುತ್ತದೆ, ಹೊರಗೆ ನಿಂತವರು ಬೈಯುತ್ತಾರೆ.

ಇದನ್ನೆಲ್ಲ ಮಾಡುವ ಕೈಗಳೂ ಇಲ್ಲೇ ಇವೆ. ಉಡುಪಿಯ ಕೃಷ್ಣಾಷ್ಟಮಿ, ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಬಂದು ನೋಡಿ, ರಥಬೀದಿ ಸುತ್ತ ಎಷ್ಟು ವೇಷ! ರವಿ ಕಟಪಾಡಿ ಅವರು ಅಷ್ಟಮಿಗೆ ಹಾಕುವ ರಾಕ್ಷಸ ವೇಷಗಳು ಯಾವ ಹಾಲಿವುಡ್ ಮೇಕಪ್ಪಿಗೂ ಕಮ್ಮಿ ಇಲ್ಲ. ಅದರಲ್ಲಿ ಒಟ್ಟಾದ ದುಡ್ಡನ್ನು ಅವರು ಮಕ್ಕಳ ಚಿಕಿತ್ಸೆಗೆ ಕೊಡುತ್ತಾರೆ, ಅದು ಬೇರೆಯೇ ದೊಡ್ಡ ವಿಷಯ. ಬಣ್ಣ ಗೊತ್ತಿರುವ, ಕಿರೀಟ ಕಟ್ಟಲು ಗೊತ್ತಿರುವ ಹುಡುಗರನ್ನು ಇಲ್ಲಿ ಇಟ್ಟುಕೊಂಡು ಬಿಳಿ ಬೆಡ್‌ಶೀಟ್ ಹೊದ್ದ ಕಾರ್ಟೂನ್ ಭೂತ ಕ್ಯಾಸ್ಪರ್‌ನನ್ನು ನಿಲ್ಲಿಸುವುದು ಸುಮ್ನೆ ಸೋಮಾರಿತನ.

ವಿರೋಧ: ಆ ಅಜ್ಜಿಯನ್ನು ಬಿಡಿ

ಮೇಲಿನದ್ದು ಓದಿ ನನಗೂ ಆ ಚಾವಡಿ ನೋಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ನನ್ನ ತಕರಾರು ಅಜ್ಜಿಯ ಬಗ್ಗೆ.

ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ತುಳುನಾಡಿನ ಎಷ್ಟೋ ಮನೆಗಳಲ್ಲಿ ಕುಲೆಗಳಿಗೆ ಬಡಿಸುತ್ತಾರೆ. ಬಾಳೆ ಎಲೆ ಹಾಕಿ, ಹೋದವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಬಡಿಸುತ್ತಾರೆ. ಕೋಳಿ, ಮೀನು, ಕುಡಿಯುತ್ತಿದ್ದವರಿಗೆ ಒಂದಿಷ್ಟು ಶೇಂದಿ, ಸೇದುತ್ತಿದ್ದವರಿಗೆ ಬೀಡಿ. ಆಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಕಾಯುತ್ತಾರೆ, ಉಣ್ಣಲಿ ಅಂತ. ಈಗ ಹೇಳಿ, ಬೀಡಿ ಕಟ್ಟುವ ಆ ಅಜ್ಜಿ ಯಾರು? ನಮ್ಮ ಕಡೆ ಅರ್ಧ ಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಜ್ಜಿ ಒಬ್ಬರಿದ್ದರು. ಟಿಕೆಟ್ ಕೊಟ್ಟು ಒಳಗೆ ಬಂದವನು ಗಾಜಿನಲ್ಲಿ ನೋಡುವುದು ಅವರನ್ನೇ. ಅವನಿಗೆ ಹೆದರಿಕೆ ಆಗುವುದಿಲ್ಲ. ಗಂಟಲು ಕಟ್ಟುತ್ತದೆ. ಅದರ ಮೇಲೆ ಎಡಗಡೆಯಿಂದ ಒಬ್ಬ ಬೊಬ್ಬೆ ಹಾಕಿದರೆ ಸಿಟ್ಟು ಬರುತ್ತದೆ.

ಪ್ರೇತ ಮದುವೆಯನ್ನು ತೆಗೆದುಕೊಳ್ಳಿ. ಸಣ್ಣದರಲ್ಲೇ ತೀರಿಕೊಂಡ ಮಕ್ಕಳಿಗೆ ಮದುವೆ ವಯಸ್ಸು ಬಂತು ಅನ್ನುವಾಗ ಹೆಣ್ಣು ನೋಡಿ, ಗಂಡು ನೋಡಿ, ಸೀರೆ ತಂದು, ಧಾರೆ ಎರೆದು, ಊಟ ಹಾಕುತ್ತಾರೆ. 2022ರಲ್ಲಿ ದಕ್ಷಿಣ ಕನ್ನಡದ ಇಂಥ ಒಂದು ಮದುವೆಯ ಸುದ್ದಿ ಟ್ವಿಟರ್‌ನಲ್ಲಿ ಎಲ್ಲ ಕಡೆ ಓಡಿತು. ಹೊರಗಿನವರಿಗೆ ಇದು ಭಾರೀ ಹಾರರ್ ಅನ್ನಿಸಬಹುದು, ಖಾಲಿ ಕುರ್ಚಿ, ಅದರ ಮೇಲೆ ಸೀರೆ, ಹೂ. ಹೆದರಿಸುವ ಮನೆ ಮಾಡುವವನಿಗೆ ರೆಡಿಮೇಡ್ ಸೆಟ್ಟು. ಆದರೆ ಆ ಕುರ್ಚಿಯ ಪಕ್ಕ ಕೂತ ಅಮ್ಮನಿಗೆ ಅದು ಮಗಳ ಮದುವೆ. ಹ್ಯಾಲೋವೀನ್ ಕಳೆದು ಎರಡೇ ದಿನಕ್ಕೆ, ನವೆಂಬರ್ 2ಕ್ಕೆ, ಕ್ಯಾಥೋಲಿಕರಿಗೆ ಮೃತರ ಸ್ಮರಣೆಯ ದಿನ. ಸಮಾಧಿಗೆ ಹೂ, ಮೇಣದ ಬತ್ತಿ ಹಿಡಿದುಕೊಂಡು ಹೋಗುತ್ತಾರೆ. ಈ ಊರಲ್ಲಿ ಸತ್ತವರೊಂದಿಗೆ ಕೊಡುಕೊಳ್ಳುವುದು ಇನ್ನೂ ನಡೆಯುತ್ತಾ ಉಂಟು.

ಲಾ ಯೊರೋನಾ, ಪೊಂಟಿಯಾನಾಕ್ ಅಂತ ಮೇಲಿನವರು ಉದಾಹರಣೆ ಕೊಟ್ಟಿದ್ದಾರೆ. ಇವರು ಊರಿಗೆಲ್ಲ ಸೇರಿದ ಕತೆಯ ಹೆಂಗಸರು. ಯಾರ ಮನೆಯ ಎಲೆಯಲ್ಲೂ ಅವರಿಗೆ ಅನ್ನ ಬಡಿಸುವುದಿಲ್ಲ. ಕುಲೆ ಹಾಗಲ್ಲ, ಅದಕ್ಕೆ ಮನೆ ಉಂಟು, ಮಕ್ಕಳು ಮೊಮ್ಮಕ್ಕಳು ಉಂಟು.

ಹೆದರಿಸುವ ಮನೆಯೊಳಗೆ ಒಂದು ಒಪ್ಪಂದ ಇರುತ್ತದೆ. ಇದು ಸುಳ್ಳು ಅಂತ ಬಂದವನಿಗೂ ಗೊತ್ತು, ಹೆದರಿಸುವವನಿಗೂ ಗೊತ್ತು. ಮುಟ್ಟುವುದಿಲ್ಲ ಅಂತಲೂ ಗೊತ್ತು, ಮರ ಕೊಯ್ಯುವ ಚೈನ್‌ಸಾಗೆ ಚೈನ್ ಇರುವುದಿಲ್ಲ ಅಂತಲೂ ಗೊತ್ತು, ಹಾಗಾಗಿಯೇ ಕಿರುಚಿದ ಮರುಕ್ಷಣ ನಗು ಬರುತ್ತದೆ. ಆ ‘ಆದರೂ’ ಅನ್ನುವುದನ್ನು ಬಂಡವಾಳ ಮಾಡಿಕೊಂಡರೆ ಈ ಒಪ್ಪಂದವೇ ಮುರಿಯುತ್ತದೆ, ಯಾಕೆಂದರೆ ಬಂದವರಲ್ಲಿ ಅರ್ಧ ಜನಕ್ಕೆ ಅದು ಸುಳ್ಳಲ್ಲ. ಮೋಹಿನಿ ವೇಷ ಹಾಕುವ ಹುಡುಗಿಯ ಮನೆಯಲ್ಲಿ ಏನು ಹೇಳುತ್ತಾರೆ ಅಂತ ಯಾರಾದರೂ ಕೇಳಿದ್ದೀರಾ? ಸಂಘಟಕರೇ ಓಪನಿಂಗಿಗೆ ಮೊದಲು ಭಟ್ರನ್ನು ಕರೆಸಿ ಒಂದು ಗಣಹೋಮ ಮಾಡಿಸುತ್ತಾರೆ, ಬೇಕಾದರೆ ನೋಡಿ.

ಮೋಹಿನಿ ಅಂದಾಗ ಇನ್ನೊಂದು. ಇಂಥ ಮನೆಯೊಳಗೆ ಒಬ್ಬರು ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕತೆ ಹೇಳಲಾಗುವುದಿಲ್ಲ. ಉಳಿಯುವುದು ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದೆ ತಿರುಗಿದ ಪಾದ. ನಮ್ಮೂರಿನದ್ದು ಅಂತ ಹೇಳಿದ್ದು ಕೊನೆಗೆ ಟಿವಿ ಸೀರಿಯಲ್ಲಿನ ದೆವ್ವವೇ ಆಗುತ್ತದೆ.

ಮಹಿಷಾಸುರನ ಪ್ರವೇಶ ಹೌದು, ಮೈ ಜುಂ ಅನ್ನುತ್ತದೆ. ಆದರೆ ಅವನು ಬಂದು ಹೆದರಿಸಿ ಹೋಗುವವನಲ್ಲ. ಬೆಳಗಾಗುವುದರೊಳಗೆ ದೇವಿ ಅವನನ್ನು ಕೊಲ್ಲುತ್ತಾಳೆ, ಅದನ್ನು ನೋಡಿಯೇ ಜನ ಚಾಪೆ ಮಡಚುವುದು. ಎಷ್ಟೋ ಆಟಗಳು ಹರಕೆಯವು. ಅದರಿಂದ ಬೊಬ್ಬೆಯನ್ನು, ರಾಳವನ್ನು ಮಾತ್ರ ಕಿತ್ತು ತಂದು ಪಾಪ್‌ಕಾರ್ನ್ ಅಂಗಡಿ ಎದುರು ನಿಲ್ಲಿಸಿದರೆ ಕಲಾವಿದರಿಗೆ ಸಂಬಳ ಸಿಗಬಹುದು, ವೇಷಕ್ಕೆ ಮರ್ಯಾದೆ ಸಿಗುವುದಿಲ್ಲ. ದೈವ ಬೇಡ, ಉಳಿದದ್ದು ಪರವಾಗಿಲ್ಲ ಅಂತ ಗೆರೆ ಎಳೆಯುವುದು ಕಾಗದದ ಮೇಲೆ ಸುಲಭ. ‘ಕಾಂತಾರ’ ಸಿನಿಮಾ ಬಂದ ಮೇಲೆ ಎಷ್ಟು ಜನ ಸ್ಟೇಜಲ್ಲಿ, ರೀಲ್ಸಲ್ಲಿ ದೈವದ ಹಾಗೆ ವೇಷ ಹಾಕಿ ಕೂಗಿದರು ಅಂತ ಎಲ್ಲರೂ ನೋಡಿದ್ದೇವೆ. ಬೇಡ ಅಂತ ಚಿತ್ರತಂಡದವರೇ ಕೇಳಿಕೊಳ್ಳಬೇಕಾಯಿತು. ಹೊಗೆ, ಕತ್ತಲೆ, ಇಪ್ಪತ್ತು ವರ್ಷದ ಹುಡುಗರು, ಜನ ಕಿರುಚಿದಷ್ಟೂ ಉಮೇದು. ಅಂಥಲ್ಲಿ ಗೆರೆ ಎಷ್ಟು ದಿನ ನಿಲ್ಲುತ್ತದೆ?

ದೊಡ್ಡ ಪಾರ್ಕುಗಳೂ ಇಂಥದ್ದರಲ್ಲಿ ಸಿಕ್ಕಿಬಿದ್ದಿವೆ. ಮೇಲಿನವರು ಹೊಗಳಿದ ಅದೇ ನಾಟ್ಸ್ ಬೆರಿ ಫಾರ್ಮಿನವರು 2016ರಲ್ಲಿ ಮಾನಸಿಕ ಆಸ್ಪತ್ರೆಯ ಕತೆ ಇಟ್ಟು ಕಣ್ಣಿಗೆ ಕಟ್ಟಿಕೊಂಡು ನೋಡುವ ಒಂದು ವಿಆರ್ ಆಟ ಮಾಡಿ, ‘5150’ ಅಂತ ಹೆಸರಿಟ್ಟರು. ಮಾನಸಿಕ ತೊಂದರೆ ಇರುವವರನ್ನು ಹಿಡಿದಿಡಲು ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿರುವ ಕಲಮಿನ ನಂಬರು ಅದು. ರೋಗಿಗಳ ಮನೆಯವರು, ಸಂಘಟನೆಯವರು ಎದ್ದು ನಿಂತರು. ಮೊದಲು ನಂಬರು ತೆಗೆದರು, ಆಮೇಲೆ ಕೆಲವೇ ದಿನಗಳಲ್ಲಿ ಆಟವನ್ನೇ ಮುಚ್ಚಿದರು.

ಮತ್ತೆ ಈ ಚರ್ಚೆಯಲ್ಲಿ ಯಾರೂ ಎತ್ತದ ವಿಷಯ, ಬೆಂಕಿ. ರಾಳ ಗದ್ದೆಯಲ್ಲಿ ಸರಿ. ನಾನು ಒಂದು ಎಕ್ಸಿಬಿಷನ್ನಿನಲ್ಲಿ ಹೊಕ್ಕ ಭೂತ್ ಬಂಗ್ಲಾದಲ್ಲಿ ಗೋಡೆಗೆ ಪ್ಲೈವುಡ್, ಮೇಲೆ ಟಾರ್ಪಾಲು, ಎಲ್ಲೆಲ್ಲೂ ಕಪ್ಪು ಬಟ್ಟೆ, ಥರ್ಮೋಕೋಲಿನ ತಲೆಬುರುಡೆ, ಕಾಲಿಗೆ ಸಿಕ್ಕುವ ವಯರು. ಹೊರಗೆ ಹೋಗಲು ಇನ್ನೊಂದು ಬಾಗಿಲು ಎಲ್ಲಿ ಅಂತ ಕೇಳಿದರೆ ಟಿಕೆಟ್ ಹರಿಯುವವನು ನಕ್ಕ. 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಹಿಡಿದು ಎಂಟು ಹದಿಹರೆಯದ ಮಕ್ಕಳು ಸತ್ತರು. ಒಳಗೆ ಬೆಂಕಿಗೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. ಅದಾದ ಮೇಲೆ ಅಮೆರಿಕದಲ್ಲಿ ಇಂಥ ಕಟ್ಟಡಗಳ ನಿಯಮ ಬಿಗಿಯಾಯಿತು. ಹೊಗೆಯ ಸುಳಿವು ಸಿಕ್ಕಿದ ಕೂಡಲೇ ದೀಪಗಳೆಲ್ಲ ಹತ್ತಬೇಕು, ಶಬ್ದ ನಿಲ್ಲಬೇಕು, ದಾರಿ ಕಾಣಬೇಕು. ಕುಲೆಯೋ ಡ್ರಾಕುಲಾನೋ ಅಂತ ಜಗಳ ಆಡುವ ಮೊದಲು ಇದಕ್ಕೆ ಎಷ್ಟು ದುಡ್ಡು ಇಟ್ಟಿದ್ದೀರಿ ಹೇಳಿ.

ನಮ್ಮೂರಿನ ಭಯವೇ ಬೇಕು ಅಂತಾದರೆ ಸತ್ತವರ ತಂಟೆಗೆ ಯಾಕೆ? ಒಂದು ಹಳೇ ಬಸ್ಸು ತನ್ನಿ. ಜುಲೈ ತಿಂಗಳು, ಬೆಂಗಳೂರಿನ ರಾತ್ರಿ ಬಸ್ಸು, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಾ ಉಂಟು. ಎದುರು ಗಾಜಿಗೆ ಮಳೆ, ವೈಪರ್ ಕಿರ್ ಕಿರ್. ಬಸ್ಸು ನಿಲ್ಲುತ್ತದೆ. ಡ್ರೈವರ್ ಟಾರ್ಚ್ ಹಿಡಿದು ಇಳಿದು ಹೋದವನು ಬರುವುದಿಲ್ಲ. ಮೇಲಿನಿಂದ ಮಣ್ಣು ಜಾರುವ ಶಬ್ದ, ಸೀಟು ಸಣ್ಣಗೆ ನಡುಗುತ್ತದೆ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕಂಡಕ್ಟರ್ ಎದ್ದು ತಲೆ ಎಣಿಸುತ್ತಾನೆ, ಟಿಕೆಟ್ ನೋಡುತ್ತಾನೆ, ಇನ್ನೊಮ್ಮೆ ಎಣಿಸುತ್ತಾನೆ. ಒಬ್ಬರು ಜಾಸ್ತಿ. ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಆ ಹೊತ್ತಿಗೆ ಹೊರಗಿನಿಂದ ಯಾರೋ ಗಾಜು ತಟ್ಟಲಿ, ಸಾಕು. ಹಿಂದಿನ ಸೀಟಿನ ಹತ್ತಿರ ಎಮರ್ಜೆನ್ಸಿ ಬಾಗಿಲು ಹೇಗೂ ಇರುತ್ತದೆ, ಅದಕ್ಕೆ ಮಾತ್ರ ಪ್ಲೈವುಡ್ ಹೊಡೆಯಬೇಡಿ.